ಊರಿಂದ ನೆಂಟರು ಬಂದರೆ ಬೊರಿವಲಿಗೆ ಕರೆದುಕೊಂಡು ಹೋಗಿ

ಗೇಟ್‌ವೇ, ಜುಹು, ಸಿದ್ಧಿವಿನಾಯಕ, ಸಂಜೆ ಮರೀನ್ ಡ್ರೈವ್. ಮುಂಬಯಿ ಕನ್ನಡಿಗರ ಮನೆಗೆ ಊರಿಂದ ಯಾರೇ ಬರಲಿ, ಈ ಪಟ್ಟಿ ಮಾತ್ರ ಬದಲಾಗುವುದಿಲ್ಲ. ಗೇಟ್‌ವೇ ಮುಗಿದದ್ದು 1924ರಲ್ಲಿ. ಚಂದವೇ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕಿಂತ ಸಾವಿರಾರು ವರ್ಷ ಹಳೆಯ ಮುಂಬಯಿ ಬೊರಿವಲಿ ಸ್ಟೇಷನ್ನಿನ ಎರಡೂ ಬದಿಗಿದೆ. ಅದರಲ್ಲಿ ನಮ್ಮ ಕನ್ನಡದ ರಾಜನ ಹೆಸರೂ ಇದೆ. ನಾನಿರುವುದು ದಹಿಸರ್‌ನಲ್ಲಿ. ನಮ್ಮ ಮನೆಗೆ ಬಂದವರಿಗೆಲ್ಲ ಒಂದು ದಿನ ಇದಕ್ಕೇ ಮೀಸಲು. ಬೆಳಿಗ್ಗೆ ಕಾನ್ಹೇರಿಯ ಬೌದ್ಧ ಗುಹೆಗಳು, ಊಟ, ಮಧ್ಯಾಹ್ನ ಮಂಡಪೇಶ್ವರದ ಶಿವನ ಗುಹೆ, ಕೊನೆಗೆ ಎಕ್ಸರ್‌ನ ವೀರಗಲ್ಲು. ಹೇಗೆ ಹೋಗಬೇಕು, ಏನು ನೋಡಬೇಕು ಅಂತ ಹೇಳುತ್ತೇನೆ.

ಮೊದಲು ದಿನ ಆರಿಸಿಕೊಳ್ಳಿ. ಸೋಮವಾರ ಬೇಡ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಅಂದು ರಜೆ. ಕಾನ್ಹೇರಿ ಇರುವುದು ಅದರೊಳಗೇ. ಭಾನುವಾರ ಇಡೀ ಮುಂಬಯಿ ಅಲ್ಲಿರುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಗುಹೆಗಳ ನಡುವೆ ಹಳ್ಳ ಹರಿಯುತ್ತದೆ, ನೋಡಲು ಬಲು ಸೊಗಸು. ಆದರೆ ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳ ಮೇಲೆ ಪಾಚಿ. ವಯಸ್ಸಾದವರನ್ನು ಆಗ ಕರೆದುಕೊಂಡು ಹೋಗಲೇಬೇಡಿ.

ದಾದರಿನಿಂದ ಹೊರಡುವವರಿಗೆ ಒಂದು ಮಾತು. ಬೊರಿವಲಿ ಫಾಸ್ಟ್ ಲೋಕಲ್ ಹತ್ತಿ, ವಿರಾರ್ ಫಾಸ್ಟ್ ಬೇಡ. ವಿರಾರ್ ಗಾಡಿಯಲ್ಲಿ ಹತ್ತಿ ಬೊರಿವಲಿಯಲ್ಲಿ ಇಳಿಯುತ್ತೇವೆ ಅಂದರೆ ಬಾಗಿಲಲ್ಲಿ ನಿಂತ, ಇನ್ನೂ ಮುಂದೆ ದೂರ ಹೋಗುವವರು ಸುಮ್ನೆ ಬಿಡುವುದಿಲ್ಲ. ನೆಂಟರ ಎದುರು ಮರ್ಯಾದೆ ಹೋಗುತ್ತದೆ. ಬೆಳಿಗ್ಗೆ ಚರ್ಚ್‌ಗೇಟ್ ಕಡೆಗೆ ಹೋಗುವ ಗಾಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೀವು ಹೋಗುವುದು ಉಲ್ಟಾ ದಿಕ್ಕಿಗೆ, ಹಾಗಾಗಿ ಚಿಂತೆ ಕಡಿಮೆ. ಮಂಗಳೂರು ಕಡೆಯಿಂದ ಕೊಂಕಣ ರೈಲಿನಲ್ಲಿ ಬಂದು ಥಾಣೆಯಲ್ಲಿ ಇಳಿದವರಿಗೆ ಘೋಡ್‌ಬಂದರ್ ರಸ್ತೆಯಲ್ಲಿ ಬೊರಿವಲಿಗೆ ನೇರ ಬಸ್ಸುಗಳಿವೆ.

ಬೊರಿವಲಿ ಪೂರ್ವಕ್ಕೆ ಇಳಿಯಿರಿ. ಪಾರ್ಕಿನ ಗೇಟಿಗೆ ರಿಕ್ಷಾ ಹಿಡಿದರೆ ಸಾಕು, ಮೀಟರ್ ಮೇಲೆ ಬರುತ್ತಾರೆ. ಟಿಕೆಟ್ ಎರಡು ಸಲ ತೆಗೆದುಕೊಳ್ಳಬೇಕು, ಪಾರ್ಕಿಗೆ ಒಂದು, ಗುಹೆಗಳಿಗೆ ಇನ್ನೊಂದು. ಗೇಟಿನಿಂದ ಗುಹೆಗೆ ಕಾಡಿನೊಳಗೆ ಸುಮಾರು 6 ಕಿ.ಮೀ. ಒಳಗೆ ಬಸ್ ಓಡುತ್ತದೆ, ಅದನ್ನೇ ಹಿಡಿಯಿರಿ. ನಡೆದು ಹೋಗುತ್ತೇವೆ ಅಂತ ಹುಮ್ಮಸ್ಸು ತೋರಿಸುವವರು ಗುಹೆ ತಲುಪುವಷ್ಟರಲ್ಲಿ ಸುಸ್ತಾಗಿರುತ್ತಾರೆ, ಹತ್ತುವುದು ಶುರುವಾಗುವುದೇ ಅಲ್ಲಿಂದ. ನೀರಿನ ಬಾಟಲಿ ಚೀಲದೊಳಗಿರಲಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಮಂಗಗಳು ಅದು ತಮಗೇ ತಂದದ್ದು ಅಂದುಕೊಳ್ಳುತ್ತವೆ.

ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಎಲ್ಲವನ್ನೂ ನೋಡಲು ಹೋಗಬೇಡಿ. ಹೆಚ್ಚಿನವು ಭಿಕ್ಷುಗಳ ಕೋಣೆಗಳು. ಒಂದು ಜಗಲಿ, ಒಳಗೆ ಮಲಗಲು ಕಲ್ಲಿನ ಮಂಚ, ಅಷ್ಟೇ. ಕ್ರಿಸ್ತ ಪೂರ್ವದಿಂದ ಹಿಡಿದು ಸುಮಾರು ಸಾವಿರ ವರ್ಷ ಇಲ್ಲಿ ಬೌದ್ಧರಿದ್ದರು. ಸೋಪಾರ, ಕಲ್ಯಾಣದ ಬಂದರುಗಳ ವ್ಯಾಪಾರಿಗಳು ಖರ್ಚು ಕೊಟ್ಟು ಕೊರೆಸಿದ ಗುಹೆಗಳೂ ಇದರಲ್ಲಿವೆ.

ನೇರ ಮೂರನೇ ಗುಹೆಗೆ ಹೋಗಿ. ಇದು ದೊಡ್ಡ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ. ಶಾತವಾಹನರ ಯಜ್ಞ ಶಾತಕರ್ಣಿಯ ಕಾಲದ್ದು, ಅಂದರೆ 2ನೇ ಶತಮಾನ. ಜಗಲಿಯ ಎರಡು ತುದಿಯಲ್ಲಿ ನಿಂತಿರುವ ಬುದ್ಧನ ಮೂರ್ತಿಗಳು ಆಮೇಲಿನವು, 20 ಅಡಿಗೂ ಎತ್ತರ. ಫೋಟೋ ಎಲ್ಲರೂ ಅಲ್ಲೇ ತೆಗೆಯುತ್ತಾರೆ. ನೀವು ಒಳಗೆ ಹೋಗಿ ಕಂಬಗಳನ್ನು ನೋಡಿ. ಕೆಲವಕ್ಕೆ ಮೇಲೆ ಆನೆಗಳ ಕೆತ್ತನೆ ಇದೆ, ಕೆಳಗೆ ಕೊಡದ ಆಕಾರವಿದೆ. ಇನ್ನು ಕೆಲವು ಬರೀ ಎಂಟು ಮೂಲೆಯ ಕಲ್ಲು. ಕೆಲಸ ಅರ್ಧಕ್ಕೇ ನಿಂತಿದೆ. ದುಡ್ಡು ಮುಗಿಯಿತೋ, ಗುತ್ತಿಗೆದಾರ ಓಡಿಹೋದನೋ, ನಮ್ಮ ಭಾವನಿಗೆ ಇದರಲ್ಲೇ ಆಸಕ್ತಿ. ಅವರು ಊರಲ್ಲಿ ಮನೆ ಕಟ್ಟಿಸಿದವರು.

ಅಲ್ಲಿಂದ 11ನೇ ಗುಹೆ, ಜನ ದರ್ಬಾರ್ ಗುಹೆ ಅನ್ನುತ್ತಾರೆ. ಕನ್ನಡಿಗರು ಜಾಸ್ತಿ ಹೊತ್ತು ನಿಲ್ಲಬೇಕಾದ್ದು ಇಲ್ಲಿ. ಒಳಗೆ ಗುಹೆಯ ಉದ್ದಕ್ಕೂ ಎರಡು ತಗ್ಗು ಕಲ್ಲಿನ ಬೆಂಚುಗಳಿವೆ, ಊಟದ ಪಂಕ್ತಿಗೆ ಹಾಕಿದ ಹಾಗೆ. ಜಗಲಿಯ ಕಂಬಗಳ ಮೇಲಿನ ತೊಲೆಯಲ್ಲಿ ಒಂದು ಶಾಸನವಿದೆ. 9ನೇ ಶತಮಾನದ್ದು. ಆಗ ಕೊಂಕಣ ಆಳುತ್ತಿದ್ದವರು ಶಿಲಾಹಾರರು. ಅವರ ಮೇಲಿನ ದೊರೆ ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷ. ಹೌದು, ನಮ್ಮ ನೃಪತುಂಗನೇ. ಯಾವ ಅರಸನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತೋ ಅವನ ಹೆಸರು ಬೊರಿವಲಿಯ ಕಾಡಿನ ಬಂಡೆಯಲ್ಲಿದೆ. ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಭಕ್ತನೊಬ್ಬ ಭಿಕ್ಷುಗಳ ಬಟ್ಟೆಬರೆಗೆ ದ್ರಮ್ಮ ಎಂಬ ನಾಣ್ಯಗಳನ್ನು ಇಡುಗಂಟಾಗಿ ಕೊಟ್ಟ ಲೆಕ್ಕ ಅದು.

ನೆಂಟರಿಗೆ ಮೊದಲೇ ಹೇಳಿಬಿಡಿ, ಶಾಸನ ಸಂಸ್ಕೃತದಲ್ಲಿದೆ, ಕನ್ನಡ ಅಕ್ಷರ ಹುಡುಕಬೇಡಿ. ಇಲ್ಲವಾದರೆ ನಿರಾಸೆಯಾಗುತ್ತದೆ. ಅಕ್ಷರಗಳೂ ಸವೆದಿವೆ. ಮೊಬೈಲ್ ಟಾರ್ಚನ್ನು ನೇರ ಬಿಡುವ ಬದಲು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಗೆರೆಗಳಲ್ಲಿ ನೆರಳು ಕೂತು ಅಕ್ಷರ ಎದ್ದು ಕಾಣುತ್ತದೆ. ನಮ್ಮ ಅತ್ತಿಗೆ ಅದನ್ನು ನೋಡಿ, "ಬೆಂಗಳೂರಲ್ಲಿ ರಸ್ತೆಗೆ ಹೆಸರಿಟ್ಟಿದ್ದಾರಲ್ಲ, ಆ ನೃಪತುಂಗನಾ ಮಾರಾಯ್ತಿ?" ಅಂದರು. ಅವನೇ.

ಮೇಲೆ ಹತ್ತುತ್ತಾ ಗುಹೆಗಳ ಬದಿಯ ಬಂಡೆ ನೋಡಿಕೊಂಡು ಹೋಗಿ. ಕೈಬೆರಳಷ್ಟು, ಅಂಗೈಯಷ್ಟು ಅಗಲದ ಕಾಲುವೆಗಳನ್ನು ಕೊರೆದಿದ್ದಾರೆ. ಗುಡ್ಡದ ಮೇಲೆ ಬಿದ್ದ ಮಳೆನೀರು ಇವುಗಳಲ್ಲಿ ಹರಿದು ಗುಹೆಯ ಮುಂದಿನ ತೊಟ್ಟಿಗೆ ಬೀಳುತ್ತದೆ. ಬಹುಪಾಲು ಗುಹೆಗೆ ಅದರದೇ ತೊಟ್ಟಿ. ಕೆಲವುಗಳಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ. ಟ್ಯಾಂಕರ್ ಕಾಯುವ ನಮ್ಮ ಸೊಸೈಟಿಯ ಕಮಿಟಿಯವರನ್ನು ಒಮ್ಮೆ ಇಲ್ಲಿಗೆ ಕರೆತರಬೇಕು.

ಮಂಡಿ ಗಟ್ಟಿ ಇರುವವರು ಇನ್ನೂ ಎರಡು ನೋಡಬಹುದು. 41ನೇ ಗುಹೆಯಲ್ಲಿ ಹನ್ನೊಂದು ತಲೆಯ ಅವಲೋಕಿತೇಶ್ವರ ಎಂಬ ಬೋಧಿಸತ್ವ ಇದ್ದಾನೆ, ಬಲು ಅಪರೂಪದ ಮೂರ್ತಿ. 90ನೇ ಗುಹೆಯಲ್ಲಿ ಪಹ್ಲವಿ, ಅಂದರೆ ಹಳೆಯ ಪರ್ಷಿಯಾದ ಲಿಪಿಯ ಬರಹಗಳಿವೆ. 1009ರಲ್ಲಿ ಒಮ್ಮೆ, 1021ರಲ್ಲಿ ಇನ್ನೊಮ್ಮೆ ನೋಡಲು ಬಂದ ಪಾರ್ಸಿಗಳು ತಾವು ಬಂದಿದ್ದೆವು ಅಂತ ಹೆಸರು ಕೊರೆದು ಹೋಗಿದ್ದಾರೆ. ಸಾವಿರ ವರ್ಷದ ಹಿಂದಿನ ಟೂರಿಸ್ಟುಗಳು! ನಿಮ್ಮ ಹುಡುಗರು ಇದನ್ನೇ ನೆಪ ಮಾಡಿಕೊಳ್ಳದ ಹಾಗೆ ನೋಡಿಕೊಳ್ಳಿ.

ಮಧ್ಯಾಹ್ನದ ಹೊತ್ತಿಗೆ ಇಳಿದುಬಿಡಿ, ಬಂಡೆ ಕಾಯುತ್ತದೆ. ಊಟಕ್ಕೆ ಸ್ಟೇಷನ್ ಹತ್ತಿರದ ಯಾವುದಾದರೂ ಉಡುಪಿ ಹೋಟೆಲು ಸಾಕು.

ಆಮೇಲೆ ಪಶ್ಚಿಮಕ್ಕೆ. ಮಂಡಪೇಶ್ವರಕ್ಕೆ ಈಗ ಮೆಟ್ರೋ ಇದೆ, ಹಳದಿ ಲೈನಿನಲ್ಲಿ ಮಂಡಪೇಶ್ವರ ಅಂತಲೇ ಸ್ಟೇಷನ್. ರಿಕ್ಷಾದಲ್ಲಿ ಹೋಗುವುದಾದರೆ ಐ.ಸಿ. ಕಾಲೊನಿ ಹತ್ತಿರದ ಗುಹೆ ಅನ್ನಿ. ಸುತ್ತ ಬಿಲ್ಡಿಂಗು, ನಡುವೆ ಒಂದು ಬಂಡೆ, ಅದರೊಳಗೆ ಶಿವನ ಗುಹೆ. 6ನೇ ಶತಮಾನದ ಸುಮಾರಿನದು. ಬಂಡೆಯ ನೆತ್ತಿಯ ಮೇಲೆ ಹಾಳುಬಿದ್ದ ಪೋರ್ಚುಗೀಸರ ಗೋಡೆಗಳು. 16ನೇ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಗುಹೆಯನ್ನೇ ಚರ್ಚು ಮಾಡಿಕೊಂಡಿದ್ದರು. ಬದಿಯ ಕೋಣೆಯಲ್ಲಿ ಕುಣಿಯುವ ಶಿವನ ದೊಡ್ಡ ಫಲಕ ಇನ್ನೂ ಚೆನ್ನಾಗಿದೆ. ಹೊರಗಡೆ ಇನ್ನೊಂದು ಕಡೆ ಹಳೆಯ ಕೆತ್ತನೆಯನ್ನು ತರಿದು ದೊಡ್ಡ ಶಿಲುಬೆ ಕೊರೆದಿದ್ದಾರೆ. ಒಳಗೆ ಲಿಂಗಕ್ಕೆ ಪೂಜೆ ನಡೆಯುತ್ತದೆ, ಪಕ್ಕದ ಚರ್ಚಿನಲ್ಲಿ ಪ್ರಾರ್ಥನೆಯೂ ನಡೆಯುತ್ತದೆ. ಶಿವರಾತ್ರಿಗೆ ಹೋದರೆ ಸಾಲಿನಲ್ಲಿ ನಿಲ್ಲಬೇಕು, ಕೆತ್ತನೆ ನೋಡಲು ಬಿಡುವಿರುವುದಿಲ್ಲ.

ಮೆಟ್ರೋದಲ್ಲಿ ಮುಂದಿನ ಸ್ಟೇಷನ್ ಎಕ್ಸರ್. ಇಲ್ಲಿಯ ವೀರಗಲ್ಲುಗಳಿಗೆ ಟಿಕೆಟ್ ಇಲ್ಲ. ಹಳೇ ಎಕ್ಸರ್ ಊರಿನ ಮನೆಗಳ ನಡುವಿನ ಓಣಿಯಲ್ಲಿವೆ. ದಾರಿಯಲ್ಲಿ ಸಿಕ್ಕ ಹಿರಿಯರನ್ನು ಕೇಳಿ. ಅಲ್ಲಿಯವರಿಗೆ ಇವು ದೇವರು, ಪೂಜೆ ಮಾಡುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಕೇಳಿಕೊಂಡು ಫೋಟೋ ತೆಗೆಯಿರಿ.

ವೀರಗಲ್ಲು ನಮಗೆ ಹೊಸದಲ್ಲ, ಊರೂರಿಗೂ ಇವೆ. ಓದುವುದೂ ನಮ್ಮೂರಿನ ಕಲ್ಲಿನ ಹಾಗೇ, ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಕೈಲಾಸ, ತುದಿಯಲ್ಲಿ ಕಲಶ. ಆದರೆ ಇಲ್ಲಿ ದನಕ್ಕಾಗಿ ನಡೆಯುವ ತುರುಗಾಳಗವಿಲ್ಲ, ಹಡಗಿನ ಕಾಳಗ. ಕೂತು ಹತ್ತಿರದಿಂದ ನೋಡಿ. ಮೂತಿ ಎತ್ತಿದ ಹಡಗುಗಳು, ನಡುವೆ ಕೂವೆಮರ, ಬದಿಯಲ್ಲಿ ಸಾಲಾಗಿ ಇಳಿಬಿಟ್ಟ ಹುಟ್ಟುಗಳು. 1265ರ ಸುಮಾರಿಗೆ ದೇವಗಿರಿಯ ಯಾದವ ಮಹಾದೇವನಿಗೂ ಶಿಲಾಹಾರ ಸೋಮೇಶ್ವರನಿಗೂ ಸಮುದ್ರದಲ್ಲಿ ನಡೆದ ಯುದ್ಧ ಇದು ಅಂತ ಕೆಲವು ವಿದ್ವಾಂಸರು. ಅಲ್ಲ, ಇನ್ನೂ ಹಿಂದಿನದು, 11ನೇ ಶತಮಾನದ್ದು ಅಂತ ಇನ್ನು ಕೆಲವರು. ಮೀನುಗಾರಿಕೆಯ ಮನೆತನದ ನಮ್ಮ ಪಕ್ಕದ ಮನೆಯವರು ಈ ಕಲ್ಲಿನ ಮುಂದೆ ನಿಂತಷ್ಟು ಹೊತ್ತು ಕಾನ್ಹೇರಿಯಲ್ಲೂ ನಿಲ್ಲಲಿಲ್ಲ. ಹುಟ್ಟು ಹಾಕುವವರ ಸಾಲನ್ನು ಬೆರಳು ತಾಗಿಸದೆ ಎಣಿಸುತ್ತಾ ಕೂತಿದ್ದರು.

ಹಿರಿಯರಿದ್ದರೆ ಕಾನ್ಹೇರಿ ಬಿಟ್ಟು ಮಂಡಪೇಶ್ವರ, ಎಕ್ಸರ್ ಎರಡೇ ಸಾಕು, ಅರ್ಧ ದಿನದ ಕೆಲಸ. ಸಣ್ಣ ಮಕ್ಕಳಿದ್ದರೆ ಕಾನ್ಹೇರಿಯಲ್ಲಿ 11ನೇ ಗುಹೆಯವರೆಗೆ ಹೋಗಿ ಇಳಿಯಿರಿ. ಸಂಜೆ ವಾಪಸ್ ದಾದರ್ ಕಡೆಗಾದರೆ ಬೊರಿವಲಿಯಿಂದಲೇ ಹೊರಡುವ ಗಾಡಿ ಹಿಡಿಯಿರಿ, ಕೂರಲು ಜಾಗ ಸಿಗುತ್ತದೆ. ವಸಯಿ, ವಿರಾರ್ ಕಡೆಯವರು ಮಾತ್ರ ಐದು ಗಂಟೆಗೆ ಮೊದಲೇ ಸ್ಟೇಷನ್ನಿನಲ್ಲಿರಿ. ಆಮೇಲಾದರೆ ನೆಂಟರನ್ನು ಹತ್ತಿಸುವುದೇ ಒಂದು ಕಾಳಗ.