ಕಾಸರಗೋಡಿನಿಂದ ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್: ಕಡಿಮೆ ಖರ್ಚಿನ ಆರು ದಿನ

ಮೊದಲು ಷೆಂಗೆನ್ ವೀಸಾ, ಅಂದರೆ ಈ ಊರುಗಳಿರುವ ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ಮೂರಕ್ಕೂ ಸಲ್ಲುವ ಒಂದೇ ವೀಸಾ. ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಎಡವುವುದು ಇಲ್ಲೇ. ಶುಲ್ಕ 90 ಯೂರೋ, ಪ್ರಯಾಣ ವಿಮೆಯ ರಕ್ಷಣೆ ಕನಿಷ್ಠ 30,000 ಯೂರೋದ್ದು. ಆರು ತಿಂಗಳ ಮೊದಲೇ ಅರ್ಜಿ ಕೊಡಬಹುದು.

ಮಂಗಳೂರು ಅಥವಾ ಕಣ್ಣೂರಿನಿಂದ ಗಲ್ಫ್ ಮೂಲಕ ಹೋಗುವುದಾದರೆ ಟಿಕೆಟ್ ಒಂದೇ ಬುಕಿಂಗಿನಲ್ಲಿರಲಿ. ಬೇರೆ ಬೇರೆ ಕೊಂಡು ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡು ನೀರುಪಾಲು. ವಿಯೆನ್ನಾದಲ್ಲಿ ಇಳಿದು ಬುಡಾಪೆಸ್ಟಿನಿಂದ ಮರಳಿದರೆ ಹಿಂದಿರುಗುವ ರೈಲು ಖರ್ಚು ಉಳಿಯುತ್ತದೆ.

ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ, ನಮ್ಮಲ್ಲಿಂದ ಮಂಗಳೂರಿಗೆ ಹೋದಂತೆ. ಅಲ್ಲಿಂದ ಬುಡಾಪೆಸ್ಟಿಗೆ ಎರಡೂವರೆ. ಬ್ರಾಟಿಸ್ಲಾವಾಕ್ಕೆ ಒಂದು ದಿನ ಧಾರಾಳ.

ಬುಡಾಪೆಸ್ಟ್ ಇರುವ ಹಂಗೇರಿಯಲ್ಲಿ ನಡೆಯುವುದು ಯೂರೋ ಅಲ್ಲ, ಅಲ್ಲಿನ ಹಣ ಫೋರಿಂಟ್. ರೂಪಾಯಿ ಲೆಕ್ಕದಲ್ಲಿ ಕಡಿತ ಮಾಡಲೇ ಎಂದು ಎಟಿಎಂ ಕೇಳಿದರೆ ಬೇಡವೆನ್ನಿ, ಆ ದರ ದುಬಾರಿ. ಬಿಡಿ ಮೆಟ್ರೊ ಟಿಕೆಟಿಗೆ ಯಂತ್ರದಲ್ಲಿ ಮುದ್ರೆ ಒತ್ತದಿದ್ದರೆ ದಂಡ.