ಡಿಸ್ನಿ ವರ್ಲ್ಡ್ ರೂಮ್: ಆಫರ್‌ಗೆ ಕಾಯ್ಬೇಡಿ, ಮೊದ್ಲು ಬುಕ್ ಮಾಡಿ
ಅಮೆರಿಕದ ಆರ್ಲ್ಯಾಂಡೋದಲ್ಲಿರೋ ಡಿಸ್ನಿ ವರ್ಲ್ಡ್‌ಗೆ ಹೋಗೋ ಪ್ಲಾನ್ ಇರೋರು ಡಿಸ್ಕೌಂಟ್ ಬರ್ಲಿ ಅಂತ ಕಾಯ್ತಾ ಕೂರ್ಬೇಡಿ, ಡಿಸ್ನಿಯವರದ್ದೇ ಹೋಟೆಲಲ್ಲಿ ಟಿಕೆಟ್ ಸೇರಿಸ್ದೆ ಬರೀ ರೂಮನ್ನ ಈಗ್ಲೇ ಫುಲ್ ರೇಟಿಗೆ ಹಿಡ್ಕೊಳಿ, ಆಮೇಲೆ ಆಫರ್ ಬಿಟ್ಟ ದಿನ ಅದೇ ಬುಕಿಂಗನ್ನ ಕಡಿಮೆ ರೇಟಿಗೆ ಬದಲಾಯಿಸ್ಕೊಳಿ. ಈಗ ಕಟ್ಟೋದು ಒಂದು ರಾತ್ರಿ ಬಾಡಿಗೆ ಅಷ್ಟೇ, ಚೆಕ್ ಇನ್‌ಗೆ 6 ದಿನ ಮುಂಚೆ ಕ್ಯಾನ್ಸಲ್ ಮಾಡಿದ್ರೂ ದುಡ್ಡು ಪೂರ್ತಿ ವಾಪಸ್. ರೂಮ್ ತುಂಬ್ತಿಲ್ಲ ಅಂದಾಗ್ಲೇ ಅವ್ರು ರೇಟ್ ಇಳ್ಸೋದು, ಆಗಸ್ಟ್‌ನಲ್ಲಿ ಅಲ್ಲಿ ಸ್ಕೂಲ್ ಶುರುವಾದ್ಮೇಲೆ ಸೆಪ್ಟೆಂಬರ್ ಪೂರ್ತಿ ಜನ ಕಮ್ಮಿ, 2018ರಿಂದ ಟಿಕೆಟ್ ರೇಟೂ ತಾರೀಖಿನ ಮೇಲೇ ಇರೋದ್ರಿಂದ ಅಲ್ಲೂ ಸ್ವಲ್ಪ ಉಳಿಯತ್ತೆ. ಆದ್ರೆ ಕ್ರಿಸ್‌ಮಸ್ ಟು ನ್ಯೂ ಇಯರ್ ವಾರಕ್ಕೆ ಈ ಆಟ ನಡಿಯಲ್ಲ, ಬೇರೆ ದಿನಗಳಲ್ಲೂ ಆಫರ್ ರೂಮ್‌ಗಳು ಲೆಕ್ಕಕ್ಕಿಷ್ಟೇ ಇರೋದು, ಬೇಗ ಖಾಲಿ. ಬೇರೆ ಟ್ರಾವೆಲ್ ಸೈಟಲ್ಲಿ ಬುಕ್ ಮಾಡಿದ್ರೆ ಆ ಸೈಟಿನದ್ದೇ ರೂಲ್ಸು, ಅಲ್ಲಿ ಮಾಡ್ಬೇಡಿ. ಇನ್ನೊಂದು, ಊರಿಂದ ಬಂದಿರೋ ಅಪ್ಪ ಅಮ್ಮನ್ನ ಕರ್ಕೊಂಡ್ ಹೋಗೋರು ಸೆಪ್ಟೆಂಬರ್ ಅಂದ್ರೆ ಯೋಚ್ನೆ ಮಾಡಿ, ಮಂಗಳೂರು ಮೇ ತಿಂಗಳ ಥರ ಸೆಕೆ, ಮಧ್ಯಾಹ್ನ ಆದ್ರೆ ದಬದಬ ಮಳೆ, ಮೇಲಿಂದ ಹರಿಕೇನ್ (ಚಂಡಮಾರುತ) ಸೀಸನ್ ಬೇರೆ.