ಫೋನ್ ಕರೆಯ ಎರಡು ದನಿ, ಲಿನಕ್ಸ್‌ನಲ್ಲಿ ಎರಡು ಚಾನೆಲ್

ಫೋನಿನಲ್ಲಿ ಸಂದರ್ಶನ ಮಾಡಿ, ಆಮೇಲೆ ಕೂತು ಬರಹಕ್ಕೆ ಇಳಿಸುವುದು ನನ್ನ ಕೆಲಸ. ಹಾಗಾಗಿ ಕರೆ ರೆಕಾರ್ಡ್ ಆಗಲೇಬೇಕು. ಫೋನಿನಲ್ಲೇ ಮಾಡಬಹುದಲ್ವಾ ಅಂತ ಕೇಳಬಹುದು. ಆ ದಾರಿ ಈಗ ಕಿರಿದಾಗಿದೆ. ಆಕ್ಸೆಸಿಬಿಲಿಟಿ ಸೌಲಭ್ಯ ಬಳಸಿ ಕರೆ ರೆಕಾರ್ಡ್ ಮಾಡುವ ಆ್ಯಪ್‌ಗಳಿಗೆ 2022ರ ಮೇ ತಿಂಗಳಿಂದ ಪ್ಲೇ ಸ್ಟೋರ್‌ನಲ್ಲಿ ಅವಕಾಶವಿಲ್ಲ. ಸ್ಪೀಕರ್ ಆನ್ ಮಾಡಿ ಪಕ್ಕದಲ್ಲಿ ಮೈಕ್ ಇಟ್ಟರೆ ಕೋಣೆಯ ಸದ್ದೆಲ್ಲ ಬಂದು ಸೇರುತ್ತದೆ. ಅದನ್ನು ಕೇಳಿ ಬರೆಯುವುದು ದೊಡ್ಡ ತಲೆನೋವು.

ನಾನು ಹಿಡಿದ ದಾರಿ ಇದು: ಲಿನಕ್ಸ್ ಇರುವ ಲ್ಯಾಪ್‌ಟಾಪನ್ನೇ ಬ್ಲೂಟೂತ್ ಹೆಡ್‌ಸೆಟ್ ಅಂತ ಫೋನಿಗೆ ನಂಬಿಸುವುದು. ಬ್ಲೂಟೂತ್‌ನಲ್ಲಿ ಕರೆಯ ಧ್ವನಿಗೆ ಎಚ್‌ಎಫ್‌ಪಿ ಅಂತ ಒಂದು ಪ್ರೊಫೈಲ್ ಇದೆ. ಅದರಲ್ಲಿ ಎರಡು ಪಾತ್ರ. ಫೋನಿನದು ಆಡಿಯೋ ಗೇಟ್‌ವೇ, ಹೆಡ್‌ಸೆಟ್ ಅಥವಾ ಕಾರಿನ ಸ್ಟೀರಿಯೋದ್ದು ಹ್ಯಾಂಡ್ಸ್‌ಫ್ರೀ. ಕಂಪ್ಯೂಟರ್ ಸಾಮಾನ್ಯವಾಗಿ ಫೋನಿನ ಜಾಗದಲ್ಲಿ ನಿಲ್ಲುತ್ತದೆ, ಯಾಕೆಂದರೆ ನಾವು ಅದಕ್ಕೆ ಹೆಡ್‌ಫೋನ್ ಜೋಡಿಸುತ್ತೇವೆ. ಇಲ್ಲಿ ಅದು ಇನ್ನೊಂದು ಬದಿಗೆ ಬರಬೇಕು.

ಲಿನಕ್ಸ್‌ನಲ್ಲಿ ಧ್ವನಿಯನ್ನು ನಿಭಾಯಿಸುತ್ತಿದ್ದ ಪಲ್ಸ್‌ಆಡಿಯೋ ಕಾಲದಲ್ಲಿ ಇದಕ್ಕೆ ಓಫೋನೋ ಎಂಬ ಇನ್ನೊಂದು ತಂತ್ರಾಂಶ ಬೇಕಿತ್ತು. ಈಗ ಅದರ ಜಾಗಕ್ಕೆ ಬಂದ ಪೈಪ್‌ವೈರ್ ತಾನೇ ಎರಡೂ ಪಾತ್ರ ಮಾಡುತ್ತದೆ. ಫೆಡೋರಾ ಎಂಬ ಲಿನಕ್ಸ್‌ನಲ್ಲಿ 2021ರ 34ನೇ ಆವೃತ್ತಿಯಿಂದ ಅದೇ ಮೂಲ ಆಡಿಯೋ ವ್ಯವಸ್ಥೆ. ಯಾವ ಪಾತ್ರಗಳು ಬೇಕು ಅನ್ನುವುದನ್ನು, ಪೈಪ್‌ವೈರ್‌ನ ಜೋಡಣೆಗಳನ್ನು ನೋಡಿಕೊಳ್ಳುವ ವೈರ್‌ಪ್ಲಂಬರ್‌ನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಹೇಳಬಹುದು. ಹ್ಯಾಂಡ್ಸ್‌ಫ್ರೀ ಪಾತ್ರ ಆ ಪಟ್ಟಿಯಲ್ಲಿ ಇರಲಿ. ಒಂದು ಮಾತು: ವೈರ್‌ಪ್ಲಂಬರ್ 0.5ರಿಂದ ಸೆಟ್ಟಿಂಗ್ ಬರೆಯುವ ರೀತಿಯೇ ಬದಲಾಗಿದೆ. ಲೂವಾ ಭಾಷೆಯಲ್ಲಿ ಬರೆದ ಹಳೆಯ ಸೆಟ್ಟಿಂಗ್ ಫೈಲ್‌ಗಳನ್ನು ಎಲ್ಲಿಂದಲೋ ನಕಲು ಮಾಡಿ ಹಾಕಿದರೆ ಏನೂ ಆಗುವುದಿಲ್ಲ. ಇನ್ನೊಂದು, ಪರದೆ ಇಲ್ಲದ ಕಂಪ್ಯೂಟರಿಗೆ ದೂರದಿಂದ ಎಸ್‌ಎಸ್‌ಎಚ್ ಮೂಲಕ ಮಾತ್ರ ಲಾಗಿನ್ ಆಗುವವರಿಗೆ ಬ್ಲೂಟೂತ್ ಆಡಿಯೋ ಕಾಣದೇ ಇರಬಹುದು. ಎದುರಿಗೆ ಕೂತು ಲಾಗಿನ್ ಆದವರು ಇದ್ದಾರಾ ಅಂತ ವೈರ್‌ಪ್ಲಂಬರ್ ನೋಡುತ್ತದೆ. ಆ ಸೀಟ್ ಮಾನಿಟರಿಂಗ್ ನಿಲ್ಲಿಸಿದರೆ ಸರಿಹೋಗುತ್ತದೆ.

ಜೋಡಿಸುವುದು ಸುಲಭ. ಪೇರಿಂಗ್ ಆದ ಮೇಲೆ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಹೆಸರಿನ ವಿವರ ತೆರೆದೆ. ಕರೆ ಮತ್ತು ಮೀಡಿಯಾ ಎರಡಕ್ಕೂ ಬೇರೆ ಬೇರೆ ಗುಂಡಿ ಇತ್ತು. ಮೀಡಿಯಾ ಆಫ್ ಮಾಡಿದೆ. ಇಲ್ಲದಿದ್ದರೆ ಫೋನಿನ ಹಾಡು, ವಿಡಿಯೋ ಎಲ್ಲ ಲ್ಯಾಪ್‌ಟಾಪಿನಲ್ಲಿ ಬರುತ್ತದೆ. ಕರೆ ಹಚ್ಚುವುದು, ಎತ್ತುವುದು ಫೋನಿನಲ್ಲೇ. ಧ್ವನಿ ಮಾತ್ರ ಈಚೆ ಬರುತ್ತದೆ.

ಮುಖ್ಯ ಕೆಲಸ ಶುರುವಾಗುವುದು ಇಲ್ಲಿಂದ. ಕರೆ ನಡೆಯುತ್ತಿರುವಾಗ ಪೈಪ್‌ವೈರ್ ಒಳಗೆ ಎರಡು ಹರಿವು ಹುಟ್ಟುತ್ತವೆ. ಎದುರಿನವರ ದನಿ ಫೋನಿನಿಂದ ಬಂದು ಹೆಡ್‌ಫೋನಿಗೆ ಹೋಗುತ್ತದೆ. ನನ್ನ ದನಿ ಮೈಕಿನಿಂದ ಹೊರಟು ಫೋನಿಗೆ ಹೋಗುತ್ತದೆ. ಇವೆರಡೂ ಎಲ್ಲೂ ಒಂದಾಗುವುದಿಲ್ಲ. ಸುಮ್ನೆ ರೆಕಾರ್ಡರ್ ಚಾಲೂ ಮಾಡಿದರೆ ನನ್ನ ಮೈಕ್ ಒಂದೇ ಸಿಗುತ್ತದೆ. ಹೆಡ್‌ಫೋನಿಗೆ ಹೋಗುವ ಸದ್ದನ್ನು ಹಿಡಿದರೆ ಅವರು ಮಾತ್ರ.

ಎರಡನ್ನೂ ಒಂದು ನಲ್ ಸಿಂಕ್‌ಗೆ, ಅಂದರೆ ಸದ್ದು ಹೊರಡಿಸದ ನಕಲಿ ಸ್ಪೀಕರಿಗೆ, ಸುರಿದು ಅಲ್ಲಿಂದ ರೆಕಾರ್ಡ್ ಮಾಡುವುದು ಬಹಳ ಜನ ಹೇಳುವ ಉಪಾಯ. ನನಗೆ ಅದು ಹಿಡಿಸಲಿಲ್ಲ. ಕಲಸಿದ ಮೇಲೆ ಬೇರೆ ಮಾಡಲು ಆಗುವುದಿಲ್ಲ. ಇಬ್ಬರೂ ಒಟ್ಟಿಗೆ ಮಾತಾಡಿದ ಕಡೆ, ನಾನು 'ಹೂಂ' ಅಂದ ಕಡೆ, ಅವರ ಮಾತು ಅಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೆ ಎಡ ಚಾನೆಲ್‌ಗೆ ನಾನು, ಬಲಕ್ಕೆ ಅವರು ಅಂತ ಮಾಡಿಕೊಂಡೆ.

ಪೈಪ್‌ವೈರ್‌ನದೇ ಪಿಡಬ್ಲ್ಯೂ-ರೆಕಾರ್ಡ್ ಕಮಾಂಡಿಗೆ ಟಾರ್ಗೆಟ್ 0 ಅಂತ ಕೊಟ್ಟರೆ ಅದು ತಾನಾಗಿ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ. ಎರಡು ಖಾಲಿ ಇನ್‌ಪುಟ್ ಇಟ್ಟುಕೊಂಡು ಕಾಯುತ್ತದೆ. ಆಮೇಲೆ ಧ್ವನಿಯ ಜೋಡಣೆಗಳನ್ನು ಗೆರೆಗಳಾಗಿ ತೋರಿಸುವ ಕ್ಯೂಪಿಡಬ್ಲ್ಯೂಗ್ರಾಫ್ ತೆರೆದು, ಮೈಕಿನಿಂದ ಎಡ ಇನ್‌ಪುಟ್‌ಗೆ ಒಂದು ಗೆರೆ, ಫೋನಿನ ಹರಿವಿನಿಂದ ಬಲ ಇನ್‌ಪುಟ್‌ಗೆ ಒಂದು ಗೆರೆ ಎಳೆದೆ. ಈಗಾಗಲೇ ಇರುವ ಗೆರೆಗಳನ್ನು ಮುಟ್ಟಬೇಕಿಲ್ಲ. ಒಂದೇ ಔಟ್‌ಪುಟ್‌ನಿಂದ ಎಷ್ಟು ಕಡೆಗೆ ಬೇಕಾದರೂ ಎಳೆಯಬಹುದು, ಹಾಗಾಗಿ ಮಾತೂ ನಡೆಯುತ್ತದೆ, ರೆಕಾರ್ಡೂ ಆಗುತ್ತದೆ. ಕಿರಿಕಿರಿ ಒಂದೇ: ಫೋನಿನ ಆ ಹರಿವು ಕರೆ ಇದ್ದಾಗ ಮಾತ್ರ ಇರುತ್ತದೆ, ಕರೆ ಮುಗಿದರೆ ಮಾಯ. ಪ್ರತಿ ಸಲ ಗೆರೆ ಎಳೆಯುತ್ತಾ ಕೂರುವುದು ಯಾರಿಗೆ ಬೇಕು? ಕ್ಯೂಪಿಡಬ್ಲ್ಯೂಗ್ರಾಫ್‌ನ ಪ್ಯಾಚ್‌ಬೇಯಲ್ಲಿ ಜೋಡಣೆಯನ್ನು ಉಳಿಸಿ ಸಕ್ರಿಯ ಮಾಡಿಟ್ಟೆ. ಈಗ ಕರೆ ಬಂದ ಕೂಡಲೇ ಅದೇ ಜೋಡಿಸುತ್ತದೆ. ಒಂದೇ ರೆಕಾರ್ಡರ್ ಎರಡನ್ನೂ ಹಿಡಿಯುವುದರಿಂದ, ಉದ್ದದ ಕರೆಯಲ್ಲಿ ಪ್ರಶ್ನೆಗೂ ಉತ್ತರಕ್ಕೂ ತಾಳ ತಪ್ಪುವುದಿಲ್ಲ. ಎರಡು ಬೇರೆ ರೆಕಾರ್ಡರ್ ಓಡಿಸಿ ಆಮೇಲೆ ಹೊಂದಿಸುವ ಗೋಜಿಗೆ ಹೋಗಬೇಡಿ.

ಗುಣಮಟ್ಟದ ವಿಷಯದಲ್ಲಿ ಜಾಸ್ತಿ ಆಸೆ ಬೇಡ. ಬ್ಲೂಟೂತ್ ಕರೆಯ ಹಳೆಯ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನ) ಸಿವಿಎಸ್‌ಡಿ, ಸೆಕೆಂಡಿಗೆ 8000 ಸ್ಯಾಂಪಲ್. ಅಂದರೆ 4000 ಹರ್ಟ್ಸ್‌ಗಿಂತ ಮೇಲಿನ ಸದ್ದೇ ಇಲ್ಲ. 'ಸ' ಮತ್ತು 'ಫ' ನಡುವಿನ ವ್ಯತ್ಯಾಸ ಅಲ್ಲೇ ಇರುವುದು, ಹೆಸರುಗಳನ್ನು ಕೇಳಿ ಬರೆಯುವಾಗ ಇದು ಕಾಡುತ್ತದೆ. ಅದಕ್ಕಿಂತ ಹೊಸ ಕೋಡೆಕ್ ಎಂಎಸ್‌ಬಿಸಿ ಸಿಕ್ಕರೆ 16000 ಸ್ಯಾಂಪಲ್, ಕೇಳಿದ ಕೂಡಲೇ ಗೊತ್ತಾಗುವಷ್ಟು ಸ್ಪಷ್ಟ. ಯಾವುದು ನಡೆಯುತ್ತಿದೆ ಅಂತ ಕರೆಯ ಮಧ್ಯೆ ಪಿಡಬ್ಲ್ಯೂ-ಟಾಪ್ ಕಮಾಂಡ್ ಓಡಿಸಿ ನೋಡಿದರೆ ತಿಳಿಯುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಂಎಸ್‌ಬಿಸಿ ಬಂತು. ಕೆಲವು ಅಗ್ಗದ ಯುಎಸ್‌ಬಿ ಅಡಾಪ್ಟರ್‌ಗಳಲ್ಲಿ ಅದು ಏಳುವುದೇ ಇಲ್ಲ. ಮೊಬೈಲ್ ನೆಟ್‌ವರ್ಕ್ ಕೂಡ ವೈಡ್‌ಬ್ಯಾಂಡ್ (ಹೆಚ್ಚು ಸ್ಪಷ್ಟ ಧ್ವನಿಯ) ಕರೆ ಕೊಡುತ್ತಿರಬೇಕು. ಅಲ್ಲೇ ಕತ್ತರಿಸಿ ಬಂದ ಧ್ವನಿಗೆ ಎಂಎಸ್‌ಬಿಸಿ ಏನೂ ಸೇರಿಸಲಾರದು.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಮಾಡುವವರು ಇನ್ನೊಂದು ಗೊತ್ತಿಟ್ಟುಕೊಳ್ಳಿ. ಅದರೊಳಗಿನ ಬ್ಲೂಟೂತ್ ಚಿಪ್ ಕರೆಯ ಧ್ವನಿಯನ್ನು ಪ್ರೊಸೆಸರಿಗೆ ಕೊಡದೆ ಪಿಸಿಎಂ ಎಂಬ ಬೇರೆ ಪಿನ್‌ಗಳ ಕಡೆ ಕಳಿಸುವಂತೆ ಇರುತ್ತದೆ. ಎಲ್ಲ ಜೋಡಣೆಯೂ ಸರಿ ಕಾಣುತ್ತದೆ, ಸದ್ದು ಮಾತ್ರ ಇಲ್ಲ. ಬೇರೆ ಯುಎಸ್‌ಬಿ ಅಡಾಪ್ಟರ್ ಹಾಕುವುದು ಸುಲಭದ ದಾರಿ.

ಧ್ವನಿ ಚೂರು ಚೂರಾದರೆ ಮೊದಲು ವೈಫೈ ನೋಡಿ. ಬ್ಲೂಟೂತ್ ಮತ್ತು 2.4 ಗಿಗಾಹರ್ಟ್ಸ್ ವೈಫೈ ಒಂದೇ ಜಾಗಕ್ಕೆ ಜಗಳ ಆಡುತ್ತವೆ. ನಾನು ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದೆ. ಯುಎಸ್‌ಬಿ 3 ಡಿಸ್ಕ್‌ಗಳೂ 2.4ರ ಸುತ್ತ ಗದ್ದಲ ಎಬ್ಬಿಸುತ್ತವೆ, ಅಡಾಪ್ಟರ್ ಅವುಗಳ ಪಕ್ಕದಲ್ಲಿ ಬೇಡ. ಕಿವಿಗೆ ವೈರ್ ಇರುವ ಹೆಡ್‌ಫೋನೇ ಸಾಕು. ಸ್ಪೀಕರ್‌ನಲ್ಲಿ ಕೇಳಿದರೆ ಅವರ ದನಿ ನನ್ನ ಮೈಕಿಗೆ ನುಗ್ಗುತ್ತದೆ. ಆಗ ಎರಡು ಚಾನೆಲ್ ಮಾಡಿದ್ದೂ ದಂಡ, ಅವರಿಗೆ ಪ್ರತಿಧ್ವನಿಯ ಕಾಟ ಬೇರೆ.

ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಮೊದಲೇ ಕೇಳಿ ಒಪ್ಪಿಗೆ ಪಡೆಯುತ್ತೇನೆ. ಆ ಒಪ್ಪಿಗೆಯೂ ರೆಕಾರ್ಡಿನಲ್ಲಿ ಇರಲಿ ಅಂತ ಶುರುವಾದ ಮೇಲೆ ಇನ್ನೊಮ್ಮೆ ಕೇಳುತ್ತೇನೆ. ಒಬ್ಬರ ಒಪ್ಪಿಗೆ ಸಾಕು ಅನ್ನುವ ಕಾನೂನು ಕೆಲವು ಕಡೆ, ಎಲ್ಲರದ್ದೂ ಬೇಕು ಅನ್ನುವುದು ಇನ್ನು ಕೆಲವು ಕಡೆ. ಕೇಳಿಬಿಟ್ಟರೆ ಎರಡೂ ಕಡೆ ನಡೆಯುತ್ತದೆ.

ಫೈಲ್ ಗಾತ್ರಕ್ಕೆ ಒಂದು ಲೆಕ್ಕ. 48000 ಸ್ಯಾಂಪಲ್, 16 ಬಿಟ್, ಎರಡು ಚಾನೆಲ್ ಅಂದರೆ ಗಂಟೆಗೆ ಸುಮಾರು 690 ಎಂಬಿ. ಬರುವ ಧ್ವನಿಯೇ 16000 ಇರುವಾಗ ಅಷ್ಟು ಯಾಕೆ? ರೆಕಾರ್ಡರಿಗೂ 16000 ಅಂತಲೇ ಹೇಳಿದರೆ 230 ಎಂಬಿಗೆ ಇಳಿಯುತ್ತದೆ. ಆಮೇಲೆ ಫ್ಲ್ಯಾಕ್ ಫೈಲ್ ಮಾಡಿಟ್ಟರೆ ಇನ್ನೂ ಕಡಿಮೆ, ಧ್ವನಿಯಲ್ಲಿ ಏನೂ ಹೋಗುವುದಿಲ್ಲ. ಬರೆಯಲು ಕೂತಾಗ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಸ್ಟೀರಿಯೋ ಟ್ರ್ಯಾಕನ್ನು ಎರಡಾಗಿ ಬೇರೆ ಮಾಡುತ್ತೇನೆ. ಅವರ ದನಿ ಸಣ್ಣದಿದ್ದರೆ ಅದನ್ನಷ್ಟೇ ಏರಿಸುತ್ತೇನೆ. ನನ್ನ ಟ್ರ್ಯಾಕನ್ನು ಮ್ಯೂಟ್ ಮಾಡಿ ಬರೆಯುತ್ತಾ ಹೋಗುತ್ತೇನೆ, ಪ್ರಶ್ನೆ ಮರೆತಾಗ ಮಾತ್ರ ತೆರೆಯುತ್ತೇನೆ.